ಜಾಗ ಬದಲಿಸಿದ ಗುಂಡಿ

ಗೆಳೆಯರೇ, ಇವತ್ತು ಧಾರವಾಡದ ಕುಲಕರ್ಣಿ ತನ್ನ ಹಳೇ ಎಲೆಕ್ಟ್ರಿಕ್ ಗಿಟಾರನ್ನು ಮಾರಲು ಗ್ರಾಂಟ್ ರೋಡಿನ ಹಳೇ ವಾದ್ಯಗಳ ಅಂಗಡಿಗೆ ಒಯ್ದ. ಜೊತೆಗೆ ನಾನು. ಅವನ ಒಂದೇ ಕೋಣೆಯ ಖೋಲಿಯಲ್ಲಿ ಅದಕ್ಕೆ ಜಾಗವಿಲ್ಲ, ಹೆಂಡತಿಗೆ ಅದರ ರಾಗ ಬೇಕಿಲ್ಲ.

ಅಂಗಡಿಯ ಶೇಠ್ ತಿರುಗಿಸಿ ನೋಡಿದ. "ವಾಲ್ಯೂಮ್ ಗುಂಡಿಯ ಜಾಗ ಬದಲಿಸಿ ಯಾರೋ ಹಾಳು ಮಾಡಿದ್ದಾರೆ. ಅರ್ಧ ಬೆಲೆ. ಅಸಲಿ ಜಾಗಕ್ಕೆ ಹಾಕಿಸಿ ತಂದರೆ ಪೂರ್ತಿ."

ಬದಲಿಸಿದವನು ಕುಲಕರ್ಣಿಯೇ. ನುಡಿಸುತ್ತಲೇ ಗುಂಡಿ ತಿರುಗಿಸುತ್ತಿದ್ದ ಬಲಗೈ ಕಿರುಬೆರಳು ಕಾರ್ಖಾನೆಯ ಮಿಷನ್ನಿಗೆ ಹೋದ ಮೇಲೆ, ಪಕ್ಕದ ಬೆರಳಿಗೆ ಎಟುಕಲೆಂದು ಗುಂಡಿಯನ್ನು ತಂತಿಯ ಹತ್ತಿರ ಕೂರಿಸಿದ್ದ.

ನನ್ನತ್ತ ತಿರುಗಿದ. "ಗುಂಡಿ ಏನೋ ಮೊದಲಿನ ಜಾಗಕ್ಕ ಹೋಗ್ತದ. ನನ್ನ ಬೆರಳ ಹೋಗ್ತದೇನೋ?"

ಗಿಟಾರನ್ನು ಮತ್ತೆ ಚೀಲಕ್ಕೆ ಹಾಕಿದ.

ವಾಪಸ್ ಲೋಕಲ್ ರೈಲಿನಲ್ಲಿ ಸಿಕ್ಕಿದ್ದು ಒಂದೇ ಸೀಟು. ಅರ್ಧ ಬೆಲೆಯ ಗಿಟಾರು ಅವನ ತೊಡೆಯ ಮೇಲೆ ಕೂತು ಬಂತು. ಪೂರ್ತಿ ಟಿಕೆಟ್ಟಿನ ನಾನು ಕಾಂದಿವಲಿಯ ತನಕ ನಿಂತು ಬಂದೆ.