ಹಳ್ಳದ ದಂಡೆಯ ಈಚಲು

ಮೊನ್ನೆ ಅಟ್ಟದಿಂದ ಒಣಗಿದ ಕಾಯಿ ಇಳಿಸುವಾಗ ಮೂಲೆಯಲ್ಲಿ ಸುರುಳಿ ಸುತ್ತಿದ್ದ ಪುಟ್ಟ ಈಚಲು ಚಾಪೆ ಸಿಕ್ಕಿತು. ಬಿಚ್ಚಿದೆ. ಧೂಳಿನ ಅಡಿಯಲ್ಲಿ ಇನ್ನೂ ಒಣಗರಿಯ ವಾಸನೆ... ನನ್ನ ಮಗಳು ಹುಟ್ಟಿದಾಗ ಚಾಪೆಯಮ್ಮ ಹೆಣೆದು ತಂದದ್ದು. ಊರಿಗೆಲ್ಲ ಅವಳು ಚಾಪೆಯಮ್ಮನೇ.

ಬಿಳಿಗೆರೆ ಹತ್ತಿರದ ನಮ್ಮೂರಿನ ಹಳ್ಳದಾಚೆ ಚಾಪೆ ಹೆಣೆಯುವವರ ಕೇರಿಯಿತ್ತು. ಅವರ ಮನೆಮಾತೇ ಬೇರೆ. ಊರವರು ನಗುತ್ತಾರೆಂದು ನಮ್ಮೆದುರು ಆಡುತ್ತಿರಲಿಲ್ಲ. ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಹೆಣಿಗೆ ನಿಂತು, ಎಲ್ಲರೂ ನಮ್ಮಂಥವರ ಅಂಗಳಕ್ಕೆ ಕೊಬ್ಬರಿ ಬಿಡಿಸುವ ಕೂಲಿಗೆ ಬರತೊಡಗಿದ್ದರು. ಒಂದು ದಿನ ಚಾಪೆಯಮ್ಮ ಬರುವುದು ಬಿಟ್ಟಳು. ಕೇರಿಯ ಹೆಂಗಸರನ್ನು, ಹುಡುಗಿಯರನ್ನು ಕೂರಿಸಿಕೊಂಡು ಮತ್ತೆ ಹೆಣೆಯಲು ಹಚ್ಚಿದಳು. ಎಳೆ ಎಣಿಸುವುದು ಅವರ ಮಾತಿನಲ್ಲೇ, ಗಟ್ಟಿಯಾಗಿ. ಹಳ್ಳದೀಚೆಗೂ ಕೇಳಿಸುತ್ತಿತ್ತು. ತಿಪಟೂರು ಸಂತೆಗೆ ತಾವೇ ಹೊತ್ತುಕೊಂಡು ಹೋಗಿ ಮಾರಿದರು. ಆಳು ಸಿಗುವುದಿಲ್ಲವೆಂದು ನಮ್ಮತ್ತೆ ಗೊಣಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಖುಷಿ.

ಗರಿಯೆಲ್ಲ ಹಳ್ಳದ ದಂಡೆಯ ಈಚಲಿನದು, ದಂಡೆ ನಮ್ಮ ತೋಟದ್ದು. ತೆಂಗಿನ ಸೀಮೆಯ ನಮಗೆ ತೆಂಗಲ್ಲದ್ದೆಲ್ಲ ಕಳೆ. ಈಚಲಿಂದ ತೆಂಗಿಗೆ ಹುಳ ಹತ್ತುತ್ತದೆ, ಕಿತ್ತು ಸಸಿ ಇಡೋಣ ಎಂದರು ಯಜಮಾನರು. ಸುದ್ದಿ ತಿಳಿದು ಚಾಪೆಯಮ್ಮ ಹಿತ್ತಿಲಿಗೆ ಬಂದಳು.

"ಅವ್ವಾರೆ, ಒಂದು ಸಾಲಾದ್ರೂ ಉಳಿಸ್ಕೊಡಿ. ಅಯ್ಯಾರಿಗೆ ನೀವೇ ಒಂದು ಮಾತು ಹೇಳ್ರವ್ವ. ಗರಿ ಇಲ್ದಿದ್ರೆ ನಾವು ತಿರ್ಗಾ ನಿಮ್ಮ ಅಂಗಳಕ್ಕೇ ಬರ್ಬೇಕಾಯ್ತದೆ."

"ಹೇಳ್ತೀನಿ ಬುಡು," ಎಂದೆ.

ಹೇಳಲಿಲ್ಲ. ಅಂದು ಮನೆಯಲ್ಲಿ ನೆಂಟರಿದ್ದರು, ಮಾರನೆಯ ದಿನ ಯಜಮಾನರು ಮುಖ ಗಂಟು ಹಾಕಿಕೊಂಡಿದ್ದರು... ನೆಪಕ್ಕೇನು ಬರವೇ? ನಾಲ್ಕನೆಯ ದಿನ ಜೆಸಿಬಿ ಬಂತು. ಚಾಪೆಯಮ್ಮ ಮಧ್ಯಾಹ್ನದವರೆಗೂ ನೋಡುತ್ತ ನಿಂತಿದ್ದು, ಉರುಳಿದ ಮರಗಳ ಗರಿ ಕೊಯ್ದುಕೊಂಡು ಹೋದಳು. ಆ ಗರಿ ಮುಗಿಯುವವರೆಗೆ ಎಣಿಕೆ ಕೇಳಿಸಿತು. ಆಮೇಲೆ ಇಲ್ಲ.

ಮುಂದಿನ ಶ್ರಾವಣಕ್ಕೆ ಅವಳು ನಮ್ಮ ಅಂಗಳದಲ್ಲಿ ಕೊಬ್ಬರಿ ಬಿಡಿಸುತ್ತ ಕೂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳು ತೀರಿಕೊಂಡು ವರ್ಷಗಳಾದವು. ದಂಡೆಯ ತೆಂಗು ಫಲಕ್ಕೆ ಬಂದಿದೆ. ನನಗೆ ಬುದ್ಧಿಯೂ ಬಂದಿದೆ. ಕೆಟ್ಟ ಮೇಲೆ ತಾನೇ ಅದು ಬರುವುದು. ಈಗ ಕೂಲಿಗೆ ಬರುವವಳು ಅವಳ ಮೊಮ್ಮಗಳು. ಮೊನ್ನೆ ಅವಳಿಗೆ ಚಾಪೆ ತೋರಿಸಿದೆ.

"ನಿಮ್ಮಜ್ಜಿ ಎಳೆ ಎಣಿಸ್ತಿದ್ಲಲ್ಲ, ನಿಮ್ಮ ಮಾತಲ್ಲಿ... ಅದು ಹೆಂಗೇ?"

ಅವಳು ಚಾಪೆಯನ್ನು ಬೆರಳಿಂದ ಸವರಿದಳು. "ನಂಗೊತ್ತಿಲ್ಲ ಕಣಮ್ಮ, ಯಾರೂ ಹೇಳ್ಕೊಡ್ಲಿಲ್ಲ. ನಿಮಗೆ ಬತ್ತದಾ?"

ದಿನವೂ ಹಳ್ಳದೀಚೆ ನಿಂತು ಕೇಳಿದವಳು ನಾನು. ಮೂರರ ತನಕ ಹೇಳಿದೆ. ಅವಳು ಕಾದಳು. ಮುಂದಿನದು ನನಗೂ ಬರಲಿಲ್ಲ.