ಸ್ವಾಮಿಗೆಂದು ತಂದ ಕಾಯಿ

ಪುಟ್ಟತಾಯಕ್ಕನಿಗೆ ದೇವರು ಸಿಕ್ಕಿದ್ದು ಗುಡಿಯಲ್ಲಲ್ಲ, ತಿಪಟೂರಿನ ಒಂದು ಸ್ಕೂಲಿನಲ್ಲಿ, ಗುರುತಿಲ್ಲದ ಮುದುಕಿಯ ಮಲದ ಬೇಸಿನ್ ತೊಳೆಯುವಾಗ. ಊರವರು ಬೇರೆ ಏನೇನೋ ಹೇಳುತ್ತಾರೆ. ಕನಸಿನಲ್ಲಿ ಸ್ವಾಮಿ ಬಂದಿದ್ದನಂತೆ, ಅಪ್ಪಣೆ ಕೊಟ್ಟನಂತೆ. ಯಾವ ಸ್ವಾಮಿಯೂ ಬರಲಿಲ್ಲ. ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದವಳು ನಾನು.

ಶೆಟ್ಟಿಕೆರೆ ಹತ್ತಿರದ ನಮ್ಮೂರಲ್ಲಿ ಅವಳದು ನಮ್ಮ ಪಕ್ಕದ ಮನೆ. ಕಡ್ಡಿಯಂಥ ಮೈ, ತಮಟೆಯಂಥ ದನಿ. ಹಿತ್ತಿಲಲ್ಲಿ ಹಸುವನ್ನು ಬೈದರೆ ತೋಟದಲ್ಲಿ ಕಾಯಿ ಕೀಳುವವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ದನಿ ಅಡಗಿತು. ಮಕ್ಕಳಿರಲಿಲ್ಲ. "ನಾನ್ಯಾಕೆ ಬದುಕಿದ್ದೀನಿ ಕಣೇ ನಂಜಿ? ಯಾರಿಗೆ ಬೇಕಾಗಿದ್ದೀನಿ?" ಎಂದು ಕೇಳುವಳು. ನನಗೇನು ಗೊತ್ತು? "ರಾಗಿ ಬೀಸು ಬಾ" ಎನ್ನುತ್ತಿದ್ದೆ. ಉಪವಾಸ ಮಾಡಿದಳು, ಉರುಳುಸೇವೆ ಮಾಡಿದಳು, ಶನಿವಾರ ಶನಿವಾರ ಸಂಪಿಗೆ ಊರಿನ ಶ್ರೀನಿವಾಸನ ಗುಡಿಗೆ ಹೊರಟಳು. ಜೊತೆಗೆ ನಾನು. ಭಕ್ತಿಗಲ್ಲ, ತಿಪಟೂರಲ್ಲಿ ಬಸ್ಸು ಬದಲಾಯಿಸುವಾಗ ದೋಸೆ ಕೊಡಿಸುತ್ತಿದ್ದಳು. ಹೋಗುವಾಗಿನ ಸಪ್ಪೆ ಮುಖದಲ್ಲೇ ವಾಪಸು ಬರುತ್ತಿದ್ದಳು.

ಅಂಥ ಒಂದು ಶನಿವಾರ ಬಸ್ ಸ್ಟ್ಯಾಂಡಿನ ಹತ್ತಿರದ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪು. ಬಾಗಿಲಲ್ಲಿ ಹೊನ್ನವಳ್ಳಿಯ ಸಿದ್ದಮ್ಮ ಎನ್ನುವ ಮುದುಕಿ ಅಳುತ್ತಾ ಕೂತಿದ್ದಳು. ಒಂದು ಕಣ್ಣು ಮೊದಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ. ನೋಡಿಕೊಳ್ಳಲು ಜೊತೆಗೊಬ್ಬರು ಇಲ್ಲದಿದ್ದರೆ ಆಪರೇಷನ್ ಮಾಡುವುದಿಲ್ಲ ಎಂದು ವಾಪಸು ಕಳಿಸುತ್ತಿದ್ದರು.

"ಯಾರೂ ಇಲ್ವಾ ಅಜ್ಜಿ?" ಎಂದಳು ಪುಟ್ಟತಾಯಕ್ಕ.

"ಇದ್ದಿದ್ರೆ ಇಲ್ಲಿಗಂಟ ಬಂದು ಯಾಕ್ ಅಳ್ತಿದ್ದೆ ತಾಯಿ? ಮನೇಲೇ ಅತ್ಕಂಡಿರ್ತಿದ್ದೆ."

ಪುಟ್ಟತಾಯಕ್ಕ ಒಳಕ್ಕೆ ನುಗ್ಗಿದಳು. "ನಮ್ಮತ್ತೆ ಕಣ್ರೀ ಇವರು. ನಾನಿದ್ದೀನಿ!" ಗಂಡ ಹೋದ ಮೇಲೆ ಆ ದನಿ ಕೇಳಿದ್ದು ಅದೇ ಮೊದಲು.

"ಅಕ್ಕ, ಬಸ್ಸು ಹೊಂಟೋಯ್ತದೆ" ಎಂದೆ.

"ಹೋಗ್ಲಿ ಬುಡು."

ಆಪರೇಷನ್ ಆದ ಮೇಲೆ ಕೆಮ್ಮಬಾರದು, ನಗಬಾರದು, ತಲೆ ಹೊರಳಿಸಲೇಬಾರದು, ಹೊಲಿಗೆ ಬಿಟ್ಟರೆ ಕಣ್ಣು ಹೋಗುತ್ತದೆ ಎಂದರು ಡಾಕ್ಟರು. ತಲೆಯ ಎರಡೂ ಪಕ್ಕ ಇಡುವ ಮರಳಿನ ಚೀಲ ಎಲ್ಲರಿಗೂ ಸಾಲಲಿಲ್ಲ. ಸ್ವಾಮಿಗೆ ಒಡೆಸಲು ತಂದಿದ್ದ ಎರಡು ಕಾಯಿಯನ್ನು ಪುಟ್ಟತಾಯಕ್ಕ ಟವಲಿನಲ್ಲಿ ಸುತ್ತಿ ಮುದುಕಿಯ ಕಿವಿಗೊಂದರಂತೆ ಆನಿಸಿ ಇಟ್ಟಳು.

"ಸ್ವಾಮಿ ಕಾಯಿ ಕಣಕ್ಕ!"

"ಸ್ವಾಮಿ ಇವತ್ತು ಇಲ್ಲೇ ಇಸ್ಕಳ್ಲಿ."

ತಲೆ ಒಂಚೂರು ಅಲ್ಲಾಡಿದರೂ ಕಾಯೊಳಗಿನ ನೀರು ಗುಳುಕ್ ಎನ್ನುತ್ತಿತ್ತು. ಬೇಸಿನ್ ತೊಳೆಯುತ್ತಿದ್ದ ಪುಟ್ಟತಾಯಕ್ಕ ಅಲ್ಲಿಂದಲೇ ಕೂಗುತ್ತಿದ್ದಳು: "ಏಯ್ ಮುದುಕಿ, ಅಲ್ಲಾಡ್ಬ್ಯಾಡ!"

"ಸೊಳ್ಳೆ ಕಣವ್ವ."

"ಕಚ್ಲಿ ಬುಡು. ಆಮ್ಯಾಕೆ ತುರಿಸ್ಕಂಡ್ರಾಯ್ತು."

ಮರುದಿನ ಮುದುಕಿಗೆ ಕೆಮ್ಮು ಉಕ್ಕಿ ಬಂತು. ಪುಟ್ಟತಾಯಕ್ಕ ಓಡಿಬಂದು ಆ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, "ಮೂಗಲ್ಲಿ ಉಸಿರು ಬುಡವ್ವ, ನಿಧಾನ" ಎನ್ನುತ್ತಾ ಬಗ್ಗಿ ನಿಂತಳು. ಕೆಮ್ಮು ಇಳಿದ ಮೇಲೂ ಕೈ ತೆಗೆಯಲಿಲ್ಲ. ನಾನು ವಾಸನೆ ತಾಳದೆ ಸಂಜೆ ಊರಿಗೆ ಬಂದುಬಿಟ್ಟೆ.

ಕಟ್ಟು ಬಿಚ್ಚುವ ದಿನ ಮತ್ತೆ ಹೋದೆ. ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದರು. ಮುದುಕಿ ಬೆರಳು ನೋಡಲೇ ಇಲ್ಲ. ಪುಟ್ಟತಾಯಕ್ಕನನ್ನು ಮೇಲಿಂದ ಕೆಳಗೆ ನೋಡಿ, "ನೀನೇನಾ? ದನಿ ಕೇಳಿ ಎಮ್ಮೆ ಹಂಗಿದ್ದೀಯ ಅಂದ್ಕಂಡಿದ್ದೆ. ಉಣ್ಣಾಕಿಲ್ವೇನೇ?" ಎಂದಳು. ಇಡೀ ಸ್ಕೂಲು ನಕ್ಕಿತು. ಕಟ್ಟು ಬಿಚ್ಚದವರೂ ನಕ್ಕು ಬೈಸಿಕೊಂಡರು.

ಬಸ್ಸಿನಲ್ಲಿ ಪುಟ್ಟತಾಯಕ್ಕ ಹೇಳಿದಳು: "ಗುಡೀಲಿ ಕೈ ಮುಗಿದ್ರೆ ಮನಸ್ಸು ಎಲ್ಲೆಲ್ಲೋ ಓಡ್ತಿತ್ತು ಕಣೇ. ಆ ತಲೆ ಹಿಡ್ಕಂಡಾಗ ಎಲ್ಲೂ ಓಡ್ಲಿಲ್ಲ."

ಆಮೇಲೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲಿ ಕ್ಯಾಂಪಾದರೂ ಯಾರೂ ಇಲ್ಲದವರಿಗೆ ಅವಳೇ ಸೊಸೆ. ಇರುವ ಒಬ್ಬ ಅತ್ತೆಯ ಕೈಲೇ ನಾವು ಸಾಕಾಗಿದ್ದರೆ, ಇವಳು ಊರೂರಲ್ಲೂ ಅತ್ತೆ ಮಾಡಿಕೊಂಡಳು. ನನ್ನನ್ನೂ ಕರೆಯುವಳು. "ನನಗೆ ಹೇಸಿಗೆ, ನೀನು ಹೋಗು" ಎನ್ನುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಜ್ವರದಲ್ಲಿ ಮಲಗಿದಳು. ಕೊನೆಗೆ ಹೇಳಿದ್ದು ಇಷ್ಟೇ: "ತುರುವೇಕೇರೇಲಿ ಕ್ಯಾಂಪು ನಡೀತೈತೆ ಕಣೇ." ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಅವಳನ್ನು ಮಣ್ಣು ಮಾಡುವ ದಿನ ಬಂದ ಮುದುಕ ಮುದುಕಿಯರಲ್ಲಿ ಅರ್ಧ ಜನರ ಗುರುತೇ ನಮಗಿರಲಿಲ್ಲ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಯಾರ ಕೈಯೂ ಹಿಡಿಯದೆ, ತೋಟದ ಬದುವಿನ ಮೇಲೆ ತಾವೇ ನಡೆದು ಬಂದರು.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತುರುವೇಕೆರೆಗೆ ಹೋದೆ. ಕಣ್ಣಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಒಬ್ಬ ಮುದುಕನಿಗೆ ಗಂಜಿ ಕುಡಿಸಿದೆ. ಅರ್ಧ ಅವನ ಗಡ್ಡಕ್ಕೆ ಚೆಲ್ಲಿತು.

"ಹೊಸಬ್ಳಾ?" ಎಂದ.

"ಹೂಂ. ಬಾಯ್ ತೆಗಿ" ಎಂದೆ.