ಕರೆಂಟ್ ಕುಲುಮೆಗೆ ಸಾಂಬ್ರಾಣಿ

ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕಬ್ಬಿಣ ಕರಗಿಸುವ ಕುಲುಮೆ ನನ್ನ ಕೈಯಲ್ಲಿತ್ತು. ನಾನು ಕಲ್ಲಿದ್ದಲು ಸುರಿದರೆ ಆ ಹೊಗೆಗೆ ಕನಕಪುರದ ಕೋಳಿಗಳು ಮಧ್ಯಾಹ್ನವೇ ಗೂಡು ಸೇರುತ್ತಿದ್ದವು, ಸುಳ್ಳಲ್ಲ. ಈಚೆಗೆ ನಮ್ಮ ಸಾಮಾನು ಕೊಳ್ಳುವ ಫಾರಿನ್ನವರು, ಹೊಗೆ ಎಬ್ಬಿಸಿ ಮಾಡಿದ ಮಾಲಿಗೆ ತೆರಿಗೆ ಹಾಕುತ್ತೇವೆ ಅಂದುಬಿಟ್ಟರು. ಹೆದರಿದ ಓನರ್ರು ಕರೆಂಟ್ ಕುಲುಮೆ ತರಿಸಿದರು.

"ತೆರಿಗೆ ಬಿತ್ತು ಅಂದ್ರೆ ಆರ್ಡರ್ ಹೋಯ್ತು, ಫ್ಯಾಕ್ಟರಿಗೆ ಬೀಗ ಕಣ್ ಯಜಮಾನ್ರೇ!" ಅಂತ ಓನರ್ರು ನನ್ನ ಹತ್ತಿರ ಗೋಳಾಡಿದರು.

ಹೊಗೆ ನಿಜಕ್ಕೂ ನಿಂತಿದೆಯಾ ಅಂತ ಫಾರಿನ್ನವರ ಕಡೆಯವರು ಬಂದು ನೋಡುವ ತಪಾಸಣೆಯ ದಿನ ಬಂತು. ಪೂಜೆ ಇಲ್ಲದೆ ಹೊಸ ಯಂತ್ರದ ಸ್ವಿಚ್ ಒತ್ತುವುದುಂಟೇ? ಬೂದುಗುಂಬಳ ಒಡೆದು, ಕೆಂಡಕ್ಕೆ ಬೊಗಸೆ ತುಂಬ ಸಾಂಬ್ರಾಣಿ ಸುರಿದೆ. ಶೆಡ್ಡೆಲ್ಲ ಹೊಗೆ! ಅಷ್ಟರಲ್ಲಿ ತಪಾಸಣೆಯ ಮೇಡಮ್ಮು ಕೆಮ್ಮುತ್ತಾ ಒಳಗೆ ಬಂದರು. ಓನರ್ ಮುಖ ಬಿಳಿಚಿಕೊಂಡಿತು.

"ಹೊಗೇನೇ ಇಲ್ಲ ಅಂದ್ರಲ್ಲ, ಇದೇನಿದು?"

"ಇದು ಕುಲುಮೆದಲ್ಲ, ದೇವರ ಹೊಗೆ ಕಣವ್ವ. ಇದಕ್ಕೂ ತೆರಿಗೆ ಐತಾ?" ಅಂದೆ.

ಆಕೆ ಕುಲುಮೆಯ ಸುತ್ತ ಬಂದು ಎಲ್ಲ ನೋಡಿ ನಕ್ಕರು. "ಇಲ್ಲ ತಾತ. ಮೊದ್ಲು ಒಸಿ ಬಾಗಿಲು ತೆಗಿ."

ಆರ್ಡರ್ ಉಳಿಯಿತು. ಓನರ್ರು ಮಾರನೇ ದಿನವೇ ದೇವರ ಮುಂದೆ ಕರೆಂಟ್ ದೀಪ ತಂದಿಟ್ಟು, ಸಾಂಬ್ರಾಣಿ ಡಬ್ಬ ಎತ್ತಿಟ್ಟುಬಿಟ್ಟರು. ಹಾರೋಹಳ್ಳಿಯ ಹೊಗೆ ನಿಲ್ಲಿಸಿದ್ದು ಫಾರಿನ್ ತೆರಿಗೆ ಅಂತ ಎಲ್ಲರೂ ಹೇಳುತ್ತಾರೆ. ಕಡೇ ಹೊಗೆ ನಿಂತಿದ್ದು ನನ್ನಿಂದ. ಅದನ್ನ ಮಾತ್ರ ಒಬ್ಬರೂ ಹೇಳುವುದಿಲ್ಲ.